ವೆಬ್‌ಸೈಟಿನ ಬೀಗಕ್ಕೆ ಕೊಟ್ಟ ಊರು

ಗುರುವಾರ ಬೆಳಿಗ್ಗೆ ಇಡ್ಲಿ ಹಿಟ್ಟಿಗೆ ಉಪ್ಪು ಬೆರೆಸಿದೆ. ಚಟ್ನಿಗೆ ಕಾಯಿ ತುರಿದೆ. ಇಸ್ತ್ರಿಯವನಿಂದ ಬಟ್ಟೆ ತೆಗೆದುಕೊಂಡೆ. ಹಾಲಿನ ಪಾತ್ರೆ ಬೆಳಗಿದೆ. ಆಮೇಲೆ ಕೈ ಒರೆಸಿಕೊಂಡು, ನಮ್ಮ ಹೋಟೆಲಿನ ವೆಬ್‌ಸೈಟಿಗೆ ಭದ್ರತಾ ಸರ್ಟಿಫಿಕೇಟ್ ಕೋರಲು ಕಂಪ್ಯೂಟರ್ ಮುಂದೆ ಕೂತೆ. ಕಾಯಿ ತುರಿದಷ್ಟೇ ಸಲೀಸು ಅಂದುಕೊಂಡಿದ್ದೆ!

ನಮ್ಮದು ವಡೋದರದ ಫತೇಗಂಜಿನಲ್ಲಿ ಇಡ್ಲಿ-ದೋಸೆ ಹೋಟೆಲು. ಹಾಸ್ಟೆಲ್ ಮಕ್ಕಳಿಗೆ ತಿಂಗಳ ಊಟವೂ ಉಂಟು. ದೂರದ ಹಜೀರಾ, ಚಾಂದ್‌ಖೇಡಾ ಕಾಲೊನಿಗಳ ಅಪ್ಪ-ಅಮ್ಮಂದಿರು ಅಲ್ಲಿಂದಲೇ ಕಾರ್ಡಿನಲ್ಲಿ ದುಡ್ಡು ಕಟ್ಟಲಿ ಎಂದು ವೆಬ್‌ಸೈಟ್ ಮಾಡಿಸಿದ್ದು ನನ್ನ ಹಟ. ಆ ಸರ್ಟಿಫಿಕೇಟ್ ಇಲ್ಲದೆ ಅದರಲ್ಲಿ ಕಾರ್ಡ್ ನಡೆಯದು. ಸೋಮವಾರ ಹಾಸ್ಟೆಲ್ ತೆರೆಯುವ ಹೊತ್ತಿಗೆ ಅದು ಶುರುವಾಗದಿದ್ದರೆ ಕಂಪ್ಯೂಟರ್ ಮಾರಿ, ಆ ಜಾಗದಲ್ಲಿ ದೊಡ್ಡ ಗ್ರೈಂಡರ್ ಇಡುವುದೆಂದು ನಮ್ಮ ಯಜಮಾನರ ತೀರ್ಪು.

ಸೈಟ್ ಮಾಡಿಕೊಟ್ಟ ಅಹಮದಾಬಾದಿನ ನಯನಾಬೆನ್ ಫೋನಿನಲ್ಲಿ ಎಲ್ಲ ಹೇಳಿಕೊಟ್ಟಿದ್ದರು. ಕಂಪ್ಯೂಟರ್ ಕೇಳಿದ್ದಕ್ಕೆ ಉತ್ತರ ಕೊಟ್ಟರೆ ಎರಡು ಫೈಲು ಹುಟ್ಟುತ್ತವೆ. ಒಂದು ಸರ್ಟಿಫಿಕೇಟ್ ಕಂಪನಿಗೆ ಕಳಿಸುವ ಕೋರಿಕೆ, ಇನ್ನೊಂದು ನಮ್ಮಲ್ಲೇ ಗುಟ್ಟಾಗಿ ಇರಬೇಕಾದ ಕೀಲಿ. ಕೋರಿಕೆ ನೋಡಲು ಬರೀ ಗಜಿಬಿಜಿ ಅಕ್ಷರ. ಪರೀಕ್ಷಿಸುವ ಪುಟದಲ್ಲಿ ಹಾಕಿದರೆ ಒಳಗೇನಿದೆ ಅಂತ ತೋರಿಸುತ್ತದೆ. ನೋಡದೆ ಕಳಿಸಲೇಬೇಡಿ ಎಂದಿದ್ದರು.

ನೋಡಿದೆ. ಸೈಟಿನ ಹೆಸರು ಸರಿ. ಹೋಟೆಲಿನ ಹೆಸರು ಸರಿ. ಊರು ಕುಂದಾಪುರ, ರಾಜ್ಯ ಕರ್ನಾಟಕ, ದೇಶ ಭಾರತ. ಒಂದೂ ತಪ್ಪಿಲ್ಲ! ಆದರೂ ಇನ್ನೊಬ್ಬರ ಕಣ್ಣು ಬೀಳಲಿ ಎಂದು ಯಜಮಾನರನ್ನು ಕರೆದೆ.

"ಹ್ವಾಯ್, ಇಲ್ಲ್ ಕಾಣಿ. ತಪ್ಪ್ ಇತ್ತಾ?"

ಕನ್ನಡಕ ಏರಿಸಿ ನಿಧಾನವಾಗಿ ಓದಿದರು. "ಎಲ್ಲ ಸಮ ಇತ್ತ್. ಕಳ್ಸ್ ಮಾರಾಯ್ತಿ."

ಕಳಿಸಿದೆ. ಮರುದಿನವೇ ತಿರಸ್ಕೃತ! ಅಂಗಡಿ ಲೈಸೆನ್ಸ್ ವಡೋದರದ್ದು, ಕೋರಿಕೆ ಕುಂದಾಪುರದ್ದು. ಇದು ಯಾವ ಹೋಟೆಲು ಎಂದು ಕಂಪನಿಯವರ ಪ್ರಶ್ನೆ. ಇಲ್ಲಿ ದೋಸೆ ಹುಯ್ದು ಹುಯ್ದು ತಲೆ ನೆರೆತರೂ, ಊರು ಯಾವುದು ಅಂದರೆ ನಮ್ಮ ಬಾಯಿಗೆ ಬರುವುದು ಒಂದೇ. ಪರೀಕ್ಷೆ ಮಾಡಿದ್ದು ಇಬ್ಬರು ಹೌದು, ಆದರೆ ಇಬ್ಬರೂ ಅಲ್ಲಿಯವರೇ! ಫೋನಿನಲ್ಲಿ ವಿಷಯ ಕೇಳಿ ನಯನಾಬೆನ್ ನಕ್ಕಿದ್ದೇ ನಕ್ಕಿದ್ದು.

ಹೊಸ ಕೋರಿಕೆ, ಹೊಸ ಕೀಲಿ ಮಾಡಿದೆ. ಈ ಸಲ ಲೈಸೆನ್ಸನ್ನೇ ಪರದೆಯ ಪಕ್ಕ ಹಿಡಿದು ಪರೀಕ್ಷಿಸಿ ಕಳಿಸಿದೆ. ಅದೇ ಹುರುಪಿನಲ್ಲಿ ಹಳೆಯ ಫೈಲುಗಳನ್ನು ಗುಡಿಸಿ ಹಾಕುವ ಮಹಾಕಾರ್ಯವನ್ನೂ ಕೈಗೊಂಡೆ. ಭಾನುವಾರ ಸರ್ಟಿಫಿಕೇಟ್ ಬಂತು! ಕೀಲಿಯ ಜೊತೆ ಜೋಡಿಸಿ ಎಂದರು ನಯನಾಬೆನ್. ಹುಡುಕಿದೆ. ಹಳೆಯ ಕೀಲಿ ಭದ್ರವಾಗಿತ್ತು. ಹೊಸದು ಕಸದ ಜೊತೆ ಹೋಗಿತ್ತು.

ಆ ಕೀಲಿ ಇಲ್ಲದೆ ಈ ಸರ್ಟಿಫಿಕೇಟ್ ಯಾವ ಕೆಲಸಕ್ಕೂ ಬಾರದು. ಮತ್ತೆ ಮೊದಲಿನಿಂದ ಕೋರಿಕೆ, ಕೀಲಿ ಮಾಡಿ, ಅವತ್ತೇ ಕೋರಿಕೆ ಕಳಿಸಿದೆ.

ಸೋಮವಾರ ಹಾಸ್ಟೆಲ್ ಮಕ್ಕಳು ಟ್ರಂಕು ಹೊತ್ತು ಬಂದೇಬಿಟ್ಟರು. ಯಜಮಾನರು ಟೇಪು ಹಿಡಿದು ಕಂಪ್ಯೂಟರ್ ಮೇಜು ಅಳೆಯುತ್ತಿದ್ದರು. ಸಂಜೆ ಸರ್ಟಿಫಿಕೇಟ್ ಬಂತು, ಕೀಲಿಗೆ ಸರಿಯಾಗಿ ಕೂತಿತು, ಪರದೆಯ ಮೂಲೆಯಲ್ಲಿ ಸೈಟು ಭದ್ರ ಎನ್ನುವ ಪುಟ್ಟ ಹಳದಿ ಬೀಗ! ದೀಪ ಹಚ್ಚುವಷ್ಟರಲ್ಲಿ ಹಜೀರಾದ ತಂದೆಯೊಬ್ಬರು ಮಗಳ ಊಟದ ದುಡ್ಡು ಕಟ್ಟಿದರು!

ಯಜಮಾನರು ಟೇಪು ಸುತ್ತಿದರು. "ಕಂಪ್ಯೂಟರ್ ಇರ್ಲಿ. ಅದ್ರ್ ಒಳ್ಗೆ ನೀ ಗುಡ್ಸುದ್ ಮಾತ್ರ ಬ್ಯಾಡ."

ರಾತ್ರಿ ಉಳಿದ ಇಡ್ಲಿಗೆ ಒಗ್ಗರಣೆ ಹಾಕಿ ಮೊಸರಿನ ಜೊತೆ ತಿಂದೆವು. ಬೀಗ ಇನ್ನೂ ಇದೆಯೇ ಎಂದು ನೋಡುತ್ತ ಅವರು ಕಂಪ್ಯೂಟರ್ ಮುಂದೆಯೇ ಕೂತಿದ್ದರು. ಇಷ್ಟೆಲ್ಲ ಸಾಹಸ ಮೆರೆದ ನಾನು, ಎಂಜಲು ಕೈಯಲ್ಲೇ ಗೋಡೆಗೆ ಒರಗಿ ಮೊದಲು ನಿದ್ದೆ ಹೋದೆ.