ಹಿರಿಯರ ನಾಲ್ಕನೆಯ ನಿವೃತ್ತಿ

ಎಲ್ಲ ರಾದ್ಧಾಂತಕ್ಕೂ ಮೂಲ ಹಿರಿಯರ ಎಡಗಾಲು. ಆ ಬೆಳಿಗ್ಗೆ ಶಾಸನಸಭೆಯಲ್ಲಿ ಕೂತಲ್ಲೇ ಅದಕ್ಕೆ ಜೋಮು ಹಿಡಿಯಿತು. ಆರು ಸಲ ಗೆದ್ದು ಬಂದ ಶಾಸಕರ ಕಾಲು ಅಂದಮೇಲೆ ಅದಕ್ಕೂ ಒಂದು ಹಿರಿತನ ಇರುತ್ತದೆ, ಹೇಳಿದ ಮಾತು ಕೇಳುವುದಿಲ್ಲ. ಅರ್ಧ ನಿದ್ದೆಯಲ್ಲಿದ್ದ ಹಿರಿಯರು ಮೊದಲು ಬೆರಳು ಮಡಚಿ ನೋಡಿದರು, ಆಮೇಲೆ ಹಿಮ್ಮಡಿ ಕುಟ್ಟಿ ನೋಡಿದರು, ಕೊನೆಗೆ ಮುಂದಿನ ಮೇಜು ಹಿಡಿದುಕೊಂಡು ಎದ್ದೇ ನಿಂತರು.

ಎದ್ದ ಗಳಿಗೆ ಸರಿಯಿರಲಿಲ್ಲ. ಒಳಚರಂಡಿ ತೆರಿಗೆಯ ಮಸೂದೆ ಮತಕ್ಕೆ ಬಿದ್ದಿತ್ತು. "ವಿರೋಧಿಸುವವರು ಎದ್ದು ನಿಲ್ಲಬೇಕು" ಎಂದು ಸಭಾಧ್ಯಕ್ಷರು ಆಗತಾನೆ ಹೇಳಿದ್ದರು. ವಿರೋಧ ಪಕ್ಷದವರೆಲ್ಲ ಎದ್ದಿದ್ದರು. ಆಡಳಿತ ಪಕ್ಷದ ಸಾಲುಗಳಲ್ಲಿ ಹಿರಿಯರೊಬ್ಬರೇ ಕಾಲು ಝಾಡಿಸುತ್ತ ನಿಂತಿದ್ದರು. ಎಣಿಸುವವನು ಬಂದು ಅವರನ್ನೂ ಎಣಿಸಿಕೊಂಡು ಹೋದ. ಎದುರಿನವರು ಮೇಜು ಕುಟ್ಟಿ ಕೂಗಿದರು. ತಮ್ಮ ಯಾವುದೋ ಒಳ್ಳೆಯ ಕೆಲಸ ಬೆಳಕಿಗೆ ಬಂದಿದೆ ಎಂದುಕೊಂಡು ಹಿರಿಯರು ಅವರತ್ತ ನಗುತ್ತ ಕೈಬೀಸಿದರು.

ಮಸೂದೆ ಹೇಗೋ ಪಾಸಾಯಿತು. ಆದರೆ ಹಿರಿಯರು ಪಕ್ಷಕ್ಕೆ ತಿರುಗಿಬಿದ್ದರು ಎಂಬ ಸುದ್ದಿ ಅವರಿಗಿಂತ ಮೊದಲೇ ಬಾಗಿಲು ದಾಟಿ ಹೊರಗೆ ಹೋಗಿತ್ತು.

ಪಡಸಾಲೆಯಲ್ಲಿ ಪತ್ರಕರ್ತರು ಮುತ್ತಿಕೊಂಡರು. "ಯಾಕೆ ಸಾರ್ ಅಸಮಾಧಾನ?"

"ಅಸಮಾಧಾನ ಎಂಥದ್ದೂ ಇಲ್ಲಪ್ಪ. ಕಾಲು ಜೋಮು ಹಿಡಿದಿತ್ತು."

ಪತ್ರಕರ್ತರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಇಷ್ಟು ವರ್ಷ ರಾಜಕೀಯ ಮಾಡಿದವರು ಕಾಲಿನ ಕತೆ ಹೇಳಿದರೆ ಯಾರು ನಂಬುತ್ತಾರೆ. ಹಿರಿಯರಿಗೆ ರೇಗಿತು. "ನೋಡಿ, ನನಗೆ ವಯಸ್ಸಾಯ್ತು. ಕೂತ್ರೆ ಏಳಕ್ಕಾಗಲ್ಲ, ಎದ್ರೆ ಹೀಗಾಗುತ್ತೆ. ಮುಂದಿನ ಚುನಾವಣೆಗೆ ಟಿಕೆಟ್ ಕೇಳಲ್ಲ. ನಿವೃತ್ತಿ ತಗೋತೀನಿ, ಬರ್ಕೊಳ್ಳಿ."

ಅವರಲ್ಲಿ ತಲೆ ನರೆತ ಪತ್ರಕರ್ತ ಪೆನ್ನು ಜೇಬಿನಿಂದ ತೆಗೆಯಲೇ ಇಲ್ಲ. "ಇದು ನಾಲ್ಕನೇದಲ್ವಾ ಸಾರ್?" ಎಂದು ಮಾತ್ರ ಕೇಳಿದ.

ಅವನದೇನೂ ತಪ್ಪಿರಲಿಲ್ಲ. ಆ ಪಕ್ಷದಲ್ಲಿ ಹಿರಿಯರಾದವರು ನಿವೃತ್ತಿ ಘೋಷಿಸುವುದು ಒಂದು ಪದ್ಧತಿ. ಚುನಾವಣೆ ಹತ್ತಿರ ಬಂದಾಗ "ಸಾಕಪ್ಪ, ಇನ್ನು ಕಿರಿಯರಿಗೆ ಬಿಟ್ಟುಕೊಡೋಣ" ಎನ್ನಬೇಕು. ಪಕ್ಷ ಗಾಬರಿಯಾಗಬೇಕು. ಅಧ್ಯಕ್ಷರು ಮನೆಗೆ ಬರಬೇಕು. ಕಾರ್ಯಕರ್ತರು ಗೇಟಿನ ಮುಂದೆ ಕೂತು ಗೋಳಿಡಬೇಕು. ಆಮೇಲೆ ಹಿರಿಯರು ಕಣ್ಣೊರೆಸಿಕೊಂಡು "ನಿಮ್ಮ ಒತ್ತಾಯಕ್ಕೆ ಮಣಿದಿದ್ದೇನೆ" ಎನ್ನಬೇಕು. ಹೀಗೆ ಮೂರು ಸಲ ಮಣಿದು ಮಣಿದು ಹಿರಿಯರ ಬೆನ್ನು ನಿಜವಾಗಿಯೇ ಬಾಗಿತ್ತು.

ಈ ಸಲ ಮಾತ್ರ ಅವರ ಮಾತಿನಲ್ಲಿ ಕಪಟವಿರಲಿಲ್ಲ. ಕಾರಣ ಒಂದು ಬೆತ್ತದ ಕುರ್ಚಿ. ಅವರ ಹೆಂಡತಿ ಅದನ್ನು ತಂದು ಹಿಂದಿನ ಕೋಣೆಯ ಕಿಟಕಿಯ ಪಕ್ಕ ಹಾಕಿದ್ದರು. ಅಗಲವಾದ ಕೈ, ಹಿಂದಕ್ಕೆ ಒರಗಿದ ಬೆನ್ನು, ಕಾಲು ಚಾಚಲು ಮುಂದೊಂದು ಮಣೆ. "ನಿಜವಾಗ್ಲೂ ರಾಜಕೀಯ ಬಿಟ್ಟೋರಿಗೇ ಈ ಕುರ್ಚಿ. ಅಲ್ಲೀತನಕ ಯಾರೂ ಕೂರೋ ಹಾಗಿಲ್ಲ" ಎಂದಿದ್ದರು. ಹೆಂಡತಿ ಮಲಗಿದ್ದಾಗ ಹಿರಿಯರು ಒಮ್ಮೆ ಕದ್ದು ಕೂತು ನೋಡಿದ್ದರು. ಮಧ್ಯಾಹ್ನ ಬಿಸಿ ಊಟ ಮಾಡಿ, ಯಾರ ಅರ್ಜಿಯೂ ಕೈಯಲ್ಲಿಲ್ಲದೆ, ಆ ಕುರ್ಚಿಯಲ್ಲಿ ಒರಗಿ ಗೊರಕೆ ಹೊಡೆಯಬೇಕು. ಅವರಿಗೆ ಈ ಲೋಕದಲ್ಲಿ ಬೇರೆ ಆಸೆ ಉಳಿದಿರಲಿಲ್ಲ. ಮಂತ್ರಿಯಾಗಲಿಲ್ಲ ಎಂಬ ಕೊರಗು ಕೂಡ ಆ ಬೆತ್ತಕ್ಕೆ ಬೆನ್ನು ತಾಗಿದಾಗ ಹೋಗಿಬಿಟ್ಟಿತ್ತು.

ಕಾರಿನಲ್ಲಿ ಅವರ ಆಪ್ತ ಸಹಾಯಕ ಕೈ ಹಿಸುಕಿಕೊಳ್ಳುತ್ತ ಕಾದಿದ್ದ. ಯಾರು ಏನೇ ಹೇಳಿದರೂ "ಹೌದು ಸಾರ್" ಎನ್ನುತ್ತಿದ್ದುದರಿಂದ ಅವನ ಹೆಸರೇ ಹೌದುಸಾರ್ ಆಗಿಹೋಗಿತ್ತು.

"ಈ ಸಲ ಮತ ಬೇರೆ ಹಾಕಿ ಹೆದರಿಸಿಬಿಟ್ರಿ ಸಾರ್. ಭರ್ಜರಿ ಪಟ್ಟು."

"ಪಟ್ಟೂ ಇಲ್ಲ ಗಿಟ್ಟೂ ಇಲ್ಲ. ನಾನು ನಿಜವಾಗ್ಲೂ ಬಿಡ್ತಿದೀನಿ."

"ಹೌದು ಸಾರ್. ಹಾಗೇ ಹೇಳ್ತಿರಿ. ಮಂತ್ರಿ ಮಾಡೋವರೆಗೂ ಬಿಡಬೇಡಿ."

ಹಿರಿಯರು ಹಣೆ ಚಚ್ಚಿಕೊಂಡರು. ತೋಳ ಬಂತು ತೋಳ ಎಂದು ಮೂರು ಸಲ ಕೂಗಿದವನಿಗೆ ನಾಲ್ಕನೆಯ ಸಲ ತೋಳವೇ ಸಾಕ್ಷಿ ಹೇಳಬೇಕು.

ಮನೆಯ ಮುಂದೆ ಆಗಲೇ ಜಾತ್ರೆ. ಎದುರು ಮನೆಯ ನಿವೃತ್ತ ಹೆಡ್‌ಮೇಷ್ಟ್ರು ಗೇಟಿನಲ್ಲೇ ತಡೆದರು. "ನಿವೃತ್ತಿ ಅಂದ್ರೆ ಸುಲಭ ಅಂದ್ಕೊಂಡ್ರಾ? ಮೊದಲನೇ ವಾರ ನಿದ್ದೆ. ಎರಡನೇ ವಾರ ಮನೆಯವರು ಕೈಗೆ ಚೀಲ ಕೊಟ್ಟು ಅಂಗಡಿಗೆ ಅಟ್ತಾರೆ. ನಾನು ಶಾಲೇಲಿ ಇನ್ನೂರು ಮಕ್ಕಳನ್ನ ಓಡಿಸ್ತಿದ್ದೆ. ಈಗ ಒಬ್ಬಳು ನನ್ನ ಓಡಿಸ್ತಾಳೆ."

"ನಮ್ಮನೆಯೋಳು ಹಾಗಲ್ಲ ಮೇಷ್ಟ್ರೆ. ಕುರ್ಚಿ ತಂದಿಟ್ಟಿದಾಳೆ."

"ಕುರ್ಚಿ ನನಗೂ ತಂದಿದ್ಳು" ಎಂದು ಮೇಷ್ಟ್ರು ನಿಟ್ಟುಸಿರುಬಿಟ್ಟರು. "ಅದರ ಮೇಲೆ ಈಗ ಇಸ್ತ್ರಿ ಬಟ್ಟೆ ಇದೆ."

ಒಳಗೆ ಹೋದರೆ ಹಿಂದಿನ ಕೋಣೆಯಲ್ಲಿ ಎರಡನೆಯವರು ಕಾಫಿ ಕುಡಿಯುತ್ತಿದ್ದರು. ಎರಡನೆಯವರು ಎಂದರೆ ಹಿರಿಯರ ಎದುರು ಪ್ರತಿ ಚುನಾವಣೆಗೂ ನಿಂತು, ಪ್ರತಿ ಸಲವೂ ಎರಡನೆಯ ಸ್ಥಾನ ಪಡೆದವರು. ಎಣಿಕೆ ಮುಗಿದ ಸಂಜೆ ಹಿತ್ತಲ ಬಾಗಿಲಿನಿಂದ ಬಂದು, ಹಿರಿಯರ ಹೆಂಡತಿ ಕೊಟ್ಟ ಕಾಫಿ ಕುಡಿದು ಹೋಗುವುದು ಅವರ ರೂಢಿ. ಈ ಸಲ ಸೋಲುವ ಮೊದಲೇ ಬಂದಿದ್ದರು. ಅವರ ಮುಖ ನೋಡಿದರೆ ಮನೆಯಲ್ಲಿ ಯಾರೋ ತೀರಿಕೊಂಡಂತಿತ್ತು.

"ನೀವು ಹೀಗೆ ಕೈಬಿಟ್ರೆ ನನ್ನ ಗತಿ ಏನು? ನಿಮ್ಮ ಹತ್ರ ಸೋತ್ರೆ ಜನ 'ಪಾಪ, ಆನೆ ಎದುರು ನಿಂತಿದ್ದ' ಅಂತಾರೆ. ನಾಳೆ ಯಾವನೋ ಮೀಸೆ ಬರದ ಹುಡುಗನ ಹತ್ರ ಸೋತ್ರೆ ನಮ್ಮನೇಲಿ ಊಟಾನೂ ಹಾಕಲ್ಲ."

"ಸೋಲೋದೇ ಯಾಕೆ? ನಾನಿಲ್ಲದಿದ್ರೆ ನೀವು ಗೆಲ್ಲಬಹುದಲ್ಲ."

"ಗೆಲ್ಲೋದು ಅಭ್ಯಾಸ ಇಲ್ಲ ನೋಡಿ. ಈ ವಯಸ್ಸಲ್ಲಿ ಹೊಸದು ಕಲಿಯೋಕಾಗುತ್ತಾ?" ಎಂದ ಎರಡನೆಯವರ ಕಣ್ಣು ಬೆತ್ತದ ಕುರ್ಚಿಯ ಮೇಲೆ ಬಿತ್ತು. "ಚೆನ್ನಾಗಿದೆ ಕುರ್ಚಿ."

ಹಿರಿಯರ ಹೆಂಡತಿ ಬಾಗಿಲಲ್ಲಿ ಬಂದು ನಿಂತರು. "ಹೇಳಿದ್ರಂತೆ?"

"ಹೇಳಿದೆ."

"ವಾಪಸ್ ತಗೊಳ್ಳಲ್ಲ ತಾನೇ? ಇವರ ಮುಂದೆ ಹೇಳಿ."

"ಆಕಾಶ ಕಳಚಿ ಬಿದ್ರೂ ತಗೊಳ್ಳಲ್ಲ" ಎಂದರು ಹಿರಿಯರು. ಹೆಂಡತಿಯ ಮುಖದಲ್ಲಿ ಇಷ್ಟು ವರ್ಷದಲ್ಲಿ ಕಾಣದ ಒಂದು ತೃಪ್ತಿ ಕಂಡಿತು. ಪಾಪ, ನನ್ನ ಕಾಲಿನ ಚಿಂತೆ ಇವಳಿಗೆ ಎಷ್ಟಿತ್ತು ಎಂದು ಹಿರಿಯರ ಎದೆ ಕರಗಿತು.

ಅಷ್ಟರಲ್ಲಿ ಪಕ್ಷದ ಅಧ್ಯಕ್ಷರ ಕಾರು ಬಂತು. ಅಧ್ಯಕ್ಷರು ಹಾಲಿನಲ್ಲಿ ಕೂತವರೇ ವ್ಯವಹಾರಕ್ಕೆ ಇಳಿದರು. "ಹೇಳಿಬಿಡಿ. ಯಾವ ಖಾತೆ ಬೇಕು?"

"ಯಾವುದೂ ಬೇಡ. ಕಾಲು ಜೋಮು ಹಿಡಿದಿತ್ತು, ಎದ್ದೆ, ಅಷ್ಟೇ."

"ಸರಿ, ಲೋಕೋಪಯೋಗಿ ಕೊಡಿಸ್ತೀನಿ. ಜೋಮು ಬಿಡುತ್ತಾ?"

"ಅಯ್ಯೋ, ನಿವೃತ್ತಿ ನಿಜ ಕಣ್ರೀ."

ಹಿರಿಯರು ಬೇಡ ಅಂದಷ್ಟೂ ಅಧ್ಯಕ್ಷರು ಬೆಲೆ ಏರಿಸಿದರು. ಲೋಕೋಪಯೋಗಿ ಹೋಗಿ ಕಂದಾಯ ಬಂತು, ಕಂದಾಯ ಹೋಗಿ ಸದನದ ಉಪನಾಯಕನ ಪಟ್ಟ ಬಂತು. ಮಂತ್ರಿಗಿರಿಗಾಗಿ ವರ್ಷಗಟ್ಟಲೆ ಬಾಗಿಲು ಕಾಯಿಸಿದ ಮನುಷ್ಯ ಈಗ ಅದನ್ನು ಕಡಲೆಕಾಯಿಯಂತೆ ಎರಚುತ್ತಿರುವುದನ್ನು ನೋಡಿ ಹಿರಿಯರಿಗೆ ಹೊಟ್ಟೆ ಉರಿಯಿತು. ಆದರೂ ಕುರ್ಚಿಯನ್ನು ನೆನೆದು ಹಲ್ಲು ಕಚ್ಚಿ ಕೂತರು. ಕೊನೆಗೆ ಅಧ್ಯಕ್ಷರು ಇವರು ತಮಾಷೆ ಮಾಡುತ್ತಿಲ್ಲ ಎಂದು ತಿಳಿದು, ಕುಗ್ಗಿಹೋದರು.

"ನೀವು ಹೋದ್ರೆ ಪಕ್ಷದಲ್ಲಿ ಎಲ್ಲರಿಗಿಂತ ವಯಸ್ಸಾದವನು ನಾನೇ ಆಗ್ತೀನಿ. ಇವತ್ತು ಹುಡುಗರು ನಿಮ್ಮನ್ನ ತೋರಿಸಿ 'ಇವರು ಯಾವಾಗ ಹೋಗ್ತಾರೆ' ಅಂತಿದಾರೆ. ನಾಳೆ ನನ್ನ ತೋರಿಸ್ತಾರೆ. ನಿಮ್ಮ ನೆರಳಲ್ಲಿ ನಾನು ಇನ್ನೂ ಯುವಕ."

"ಹಾಗಾದ್ರೆ ನಿಮ್ಮ ಪ್ರಾಯ ಉಳಿಸೋಕೆ ನಾನು ಸಭೇಲಿ ಸಾಯಬೇಕಾ?"

"ಅದಿರಲಿ. ನಿಮ್ಮ ಕ್ಷೇತ್ರದಲ್ಲಿ ಯಾರನ್ನ ನಿಲ್ಲಿಸಲಿ? ಒಬ್ಬರನ್ನಾದ್ರೂ ಬೆಳೆಸಿ ಅಂತ ಎಷ್ಟು ವರ್ಷದಿಂದ ಹೇಳಿದೀನಿ. ಚುರುಕಾಗಿರೋ ಹುಡುಗರನ್ನೆಲ್ಲ ಕುರ್ಚಿ ಜೋಡಿಸೋಕೆ ಕಳಿಸಿದ್ರಿ. ಅವರು ಕುರ್ಚಿ ಜೋಡಿಸ್ತಾ ಮುದುಕರಾದ್ರು. ಮಿಕ್ಕೋನು ಹೌದುಸಾರ್ ಒಬ್ಬ."

"ಹೌದು ಸಾರ್" ಎಂದ ಬಾಗಿಲಲ್ಲಿ ನಿಂತಿದ್ದ ಹೌದುಸಾರ್.

ಹಿರಿಯರು ತಲೆ ತಗ್ಗಿಸಿದರು. ಮಾತು ನಿಜವಾಗಿತ್ತು. ತನ್ನ ಬುಡದಲ್ಲಿ ಹುಲ್ಲೂ ಹುಟ್ಟದಂತೆ ನೋಡಿಕೊಂಡ ಮರ ಈಗ ನನಗೆ ಒರಗಲು ಜಾಗ ಬೇಕು ಎಂದರೆ ತೋಟದವನು ಏನು ಮಾಡಬೇಕು?

ಆಗ ಹಿತ್ತಲ ಕಡೆಯಿಂದ ಹೆಂಗಸೊಬ್ಬಳ ಅಳು ಕೇಳಿಸಿತು. ಅವಳ ಬೀದಿಗೆ ಮೂರು ದಿನದಿಂದ ನೀರಿರಲಿಲ್ಲ. ಹಿರಿಯರ ಹೆಂಡತಿ ಅಡುಗೆಮನೆಯಿಂದಲೇ ಫೋನಿನಲ್ಲಿ ಮಾತಾಡಿದ್ದು ಹಾಲಿಗೆಲ್ಲ ಕೇಳಿತು. "ಇಂಜಿನಿಯರಾ? ನಾನು. ಮೂಲೆ ಮನೆ ಹತ್ರ ಇರೋ ವಾಲ್ವ್ ಯಾರು ಮುಚ್ಚಿದ್ದು? ಹೋದ ವರ್ಷಾನೂ ಅದೇ ವಾಲ್ವ್. ನಾನು ಒಲೆ ಆರಿಸೋದ್ರೊಳಗೆ ನೀರು ಬರಬೇಕು." ಹೆಂಗಸು ಕಣ್ಣೊರೆಸಿಕೊಂಡು ಹೋದಳು. ಅವಳ ಹಿಂದೆ ಇನ್ನಿಬ್ಬರು ಕಾದಿದ್ದರು.

"ದಿನಾ ಹೀಗೇನಾ?" ಎಂದು ಅಧ್ಯಕ್ಷರು ಕೇಳಿದರು.

"ನಾನು ಸಭೆಗೆ ಹೋದಾಗ ಇವಳೇ ನೋಡ್ಕೋತಾಳೆ. ಇದ್ದಾಗ್ಲೂ ಇವಳೇ. ನನ್ನದು ಮುಂದಿನ ಬಾಗಿಲು ಮಾತ್ರ."

ಅಧ್ಯಕ್ಷರು ಹಿತ್ತಲಲ್ಲಿ ಕಾದಿದ್ದವರತ್ತ ಕತ್ತು ಚಾಚಿ ನೋಡಿದರು. "ಒಂದು ಲೋಟ ನೀರು ಕುಡಿದು ಬರ್ತೀನಿ" ಎಂದು ಎದ್ದು ಅಡುಗೆಮನೆಗೆ ಹೋದರು. ಒಂದು ಲೋಟ ನೀರಿಗೆ ಅಷ್ಟು ಹೊತ್ತು ಹಿಡಿದದ್ದು ಹಿರಿಯರಿಗೆ ವಿಚಿತ್ರವೆನಿಸಿತು. ಬರುವಾಗ ಅಧ್ಯಕ್ಷರ ಮುಖ ತೊಳೆದಿಟ್ಟ ಪಾತ್ರೆಯಂತೆ ಹೊಳೆಯುತ್ತಿತ್ತು.

"ಸರಿ. ನಿಮ್ಮ ನಿವೃತ್ತಿ ಒಪ್ಪಿದೀವಿ."

ಹಿರಿಯರಿಗೆ ಸಂತೋಷವಾಯಿತು, ಅದರ ಹಿಂದೆಯೇ ಚುರುಕ್ಕೆಂದಿತು. ಇಷ್ಟು ಸಲೀಸಾಗಿ ಒಪ್ಪುವುದೇ? ಗೇಟಿನ ಮುಂದೆ ನಾಲ್ಕು ಜನ ಗೋಳಿಡುವ ಮಟ್ಟಿಗಾದರೂ ತಡೆಯಬಾರದಿತ್ತೇ? "ಇನ್ನೊಂದ್ಸಲ ಯೋಚನೆ ಮಾಡಿ ಅಂತನೂ ಹೇಳಲ್ವಾ?" ಎಂದು ಬಾಯಿಬಿಟ್ಟು ಕೇಳಿದರು.

"ಹಿರಿಯರ ಮಾತಿಗೆ ಬೆಲೆ ಕೊಡಬೇಕಲ್ಲ" ಎಂದು ಅಧ್ಯಕ್ಷರು ಅವರ ಕೈಹಿಡಿದು ಹೊರಗಿನ ಮೆಟ್ಟಿಲಿಗೆ ಕರೆದುಕೊಂಡು ಹೋದರು. ಅಲ್ಲಿ ಪತ್ರಕರ್ತರು ನೆರೆದಿದ್ದರು. ಹಿರಿಯರ ತ್ಯಾಗವನ್ನು ಅಧ್ಯಕ್ಷರು ಬಾಯ್ತುಂಬ ಹೊಗಳಿದರು. ತಲೆ ನರೆತ ಪತ್ರಕರ್ತನೂ ಈಗ ಪೆನ್ನು ತೆಗೆದ. ಕೊನೆಗೆ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. "ಈ ಕ್ಷೇತ್ರಕ್ಕೆ ಪಕ್ಷದ ಮುಂದಿನ ಅಭ್ಯರ್ಥಿ ಇವರು."

ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ನಿಂತವರು ಹಿರಿಯರ ಹೆಂಡತಿ.

ಗೇಟಿನಲ್ಲಿದ್ದ ಜನ ಹೋ ಎಂದು ಕೂಗಿದರು. ಅಷ್ಟು ಜೋರಾಗಿ ಅವರು ಹಿರಿಯರಿಗೆ ಯಾವತ್ತೂ ಕೂಗಿರಲಿಲ್ಲ. ಎಲ್ಲ ಮುಗಿದು ಒಳಗೆ ಬಂದಮೇಲೆ ಹಿರಿಯರು ತೊದಲಿದರು. "ಅಲ್ಲ ಕಣೇ, ಇಷ್ಟು ವರ್ಷ ನಿವೃತ್ತಿ ತಗೊಳ್ಳಿ ಅಂತ ಪ್ರಾಣ ತಿಂದೋಳು ನೀನೇ ಅಲ್ವಾ?"

"ನೀವು ತಗೊಳ್ಳಿ ಅಂದೆ. ನಾನು ತಗೋತೀನಿ ಅಂದ್ನಾ?" ಎಂದರು ಹೆಂಡತಿ. "ನೀವು ಜಾಗ ಖಾಲಿ ಮಾಡದೆ ನಾನು ಹೇಗ್ರೀ ಬರೋದು? ಮೂರು ಸಲ ಆಸೆ ತೋರಿಸಿ ಮಣಿದ್ರಿ. ಅದಕ್ಕೇ ಈ ಸಲ ಕುರ್ಚಿ ತಂದೆ."

ಹಿರಿಯರು ಹಿಂದಿನ ಕೋಣೆಯ ಬಾಗಿಲತ್ತ ನೋಡಿದರು.

"ನಾಳೆ ಬೆಳಿಗ್ಗೆಯಿಂದ ಪ್ರಚಾರ. ನಾನು ಸಭೆ ನೋಡ್ಕೋತೀನಿ. ನೀವು ಮನೆಮನೆಗೆ ಹೋಗಿ. ಒಂದೊಂದು ಬೀದೀನೂ ನಿಮಗೆ ಗೊತ್ತು."

"ನನ್ನ ಕಾಲು..."

"ಓಡಾಡಿದ್ರೆ ಜೋಮು ಬಿಡುತ್ತೆ."

"ಹೌದು ಅಮ್ಮಾ" ಎಂದು ಹೌದುಸಾರ್ ಬೀದಿಗಳ ಪಟ್ಟಿ ಬರೆಯಲು ಕೂತ. ಅವನ ಕೆಲಸಕ್ಕೆ ಯಾವ ತೊಂದರೆಯೂ ಆಗಿರಲಿಲ್ಲ.

ಹಿರಿಯರು ಕಾಲೆಳೆಯುತ್ತ ಹಿಂದಿನ ಕೋಣೆಗೆ ಹೋದರು. ಈ ಒಂದು ಸಂಜೆಯಾದರೂ ಕುರ್ಚಿಯಲ್ಲಿ ಕೂರೋಣ ಎಂದುಕೊಂಡರು. ಕುರ್ಚಿಯಲ್ಲಿ ಎರಡನೆಯವರು ಒರಗಿದ್ದರು. ಮಣೆಯ ಮೇಲೆ ಕಾಲು ಚಾಚಿ, ಹೊಟ್ಟೆಯ ಮೇಲೆ ಕೈಯಿಟ್ಟು, ಆಗಲೇ ಗೊರಕೆಯ ಹಂತಕ್ಕೆ ಬಂದಿದ್ದರು. ಹಿರಿಯರು ಭುಜ ಅಲುಗಿಸಿದಾಗ ಒಂದೇ ಕಣ್ಣು ತೆರೆದರು.

"ಏಳ್ರೀ. ಇದು ನನ್ನ ಕುರ್ಚಿ."

"ಅಮ್ಮಾವ್ರ ಎದುರು ನಾನು ನಿಲ್ಲೋದುಂಟಾ? ಅವರ ಕಾಫಿ ಋಣ ಇದೆ ನನ್ನ ಮೇಲೆ. ಅಧ್ಯಕ್ಷರು ಅಡುಗೆಮನೆಯಿಂದ ಹೋದ ತಕ್ಷಣ ರಾಜಕೀಯ ಬಿಟ್ಟೆ ಅಂತ ಅಮ್ಮಾವ್ರಿಗೆ ಹೇಳಿದೆ. ನಿಜವಾಗ್ಲೂ ಬಿಟ್ಟೋರಿಗೇ ಈ ಕುರ್ಚಿ, ಕೂತ್ಕೊಳ್ಳಿ ಅಂದ್ರು." ಎರಡನೆಯವರು ಕಣ್ಣು ಮುಚ್ಚಿದರು. "ಜೀವನದಲ್ಲಿ ಮೊದಲನೇ ಸಲ ನಿಮ್ಮ ಹತ್ರ ಗೆದ್ದೆ ನೋಡಿ. ಕಷ್ಟ ಏನಿಲ್ಲ, ಚೆನ್ನಾಗೇ ಇದೆ."

ಹಿರಿಯರು ಅಡುಗೆಮನೆಗೆ ಬಂದು ಮೂಲೆಯ ಸ್ಟೂಲಿನ ಮೇಲೆ ಕೂತರು. ಹಾಲಿನಲ್ಲಿ ಅಧ್ಯಕ್ಷರು, ಹೆಂಡತಿ, ಹೌದುಸಾರ್ ಮೂವರೂ ಯಾವ ಬೀದಿಗೆ ಯಾರು ಎಂದು ಜನ ಎಣಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ ಎಡಗಾಲಿಗೆ ಮತ್ತೆ ಜೋಮು ಹಿಡಿಯಿತು. ಈ ಸಲ ಹಿರಿಯರು ಎದ್ದು ನಿಲ್ಲಲಿಲ್ಲ.