ಜಂಟಲ್‌ಮನ್ ಆಗಲು ಹೊರಟ ಸೋದರಮಾವ

ನಮ್ಮ ಸೋದರಮಾವನಷ್ಟು ಹಟ ಹಿಡಿದು ಜಂಟಲ್‌ಮನ್ ಆಗಲು ಹೊರಟವರು ವನಗೂರು ಸೀಮೆಯಲ್ಲಿ ಇನ್ನೊಬ್ಬರಿಲ್ಲ. ಇದ್ದಿದ್ದರೆ ಅವರ ಹೆಂಡತಿಗೆ ಸಮಾಧಾನ ಹೇಳಲು ನಮ್ಮ ಅತ್ತೆಯನ್ನೇ ಕಳಿಸುತ್ತಿದ್ದೆವು!

ಮಾವ ಕಾಫಿ ಎಸ್ಟೇಟಿನ ರೈಟರು. ಆಳುಗಳ ಹಾಜರಿ ಬರೆಯುವವರು. ಅಲ್ಲಿನ ಹಳೆ ಬಂಗಲೆ ಹೋಂಸ್ಟೇ ಆದಾಗ, ಇಂಗ್ಲಿಷ್ ದೊರೆಗಳು ಬಿಟ್ಟುಹೋಗಿದ್ದ ವಿಕ್ಟೋರಿಯಾ ರಾಣಿ ಕಾಲದ ಕಾದಂಬರಿಗಳನ್ನು ಹೋಂಸ್ಟೇಯವರು ಎಸೆಯಲು ಹೊರಟಿದ್ದರು. ಮಾವ ಎಲ್ಲವನ್ನೂ ಜೀಪಿಗೆ ತುಂಬಿಕೊಂಡು ಬಂದು, ಡಿಕ್ಷನರಿ ತೊಡೆಯ ಮೇಲಿಟ್ಟುಕೊಂಡು, ಹಳೆಯದರಿಂದ ಹೊಸದಕ್ಕೆ ಓದತೊಡಗಿದರು.

ಮೊದಮೊದಲ ಪುಸ್ತಕಗಳಲ್ಲಿ ಜಂಟಲ್‌ಮನ್ ಎಂದರೆ ಜಮೀನುಳ್ಳ ಮನೆತನದವನು, ಮೈ ಬಗ್ಗಿಸಿ ದುಡಿಯದವನು. ಮಾವನಿಗೂ ಒಂದೂವರೆ ಎಕರೆ ಕಾಫಿ ಇತ್ತಲ್ಲ! ಸೌದೆ ಒಡೆಯುವುದನ್ನು ನಿಲ್ಲಿಸಿದರು. ಅತ್ತೆ ಒಲೆ ಹಚ್ಚುವುದನ್ನು ನಿಲ್ಲಿಸಿದರು. ಮಧ್ಯಾಹ್ನದ ಹೊತ್ತಿಗೆ ಮನೆತನ ಹಿತ್ತಲಲ್ಲಿ ಸೌದೆ ಒಡೆಯುತ್ತಿತ್ತು.

ಮುಂದಿನ ಪುಸ್ತಕಗಳಲ್ಲಿ ಮನೆತನ ಹಿಂದೆ ಸರಿದು ರೀತಿನೀತಿ ಮುಂದೆ ಬಂತು. ಹೆಂಗಸರು ಬಂದರೆ ಎದ್ದು ನಿಲ್ಲಬೇಕಂತೆ. ಸಕಲೇಶಪುರದಿಂದ ಆನೇಮಹಲ್‌ಗೆ ಹೊರಟ ಬಸ್ಸಿನಲ್ಲಿ ಮಾವ ಎದ್ದರು, ಕೂತರು, ಮತ್ತೆ ಎದ್ದರು. ಕಂಡಕ್ಟರ್ ಕನಿಕರದಿಂದ, ಮೂಲವ್ಯಾಧಿಯೇ ಎಂದು ವಿಚಾರಿಸಿದನಂತೆ.

ಕೊನೆಕೊನೆಯ ಪುಸ್ತಕಗಳಲ್ಲಿ ಜಂಟಲ್‌ಮನ್ ಮತ್ತೆ ಬದಲಾದ. ಕುಲ ಬೇಡ, ಕೋಟು ಬೇಡ; ಗಿರಣಿ ಕೂಲಿಯೂ ಆಗಬಹುದು, ಇನ್ನೊಬ್ಬರನ್ನು ನೋಯಿಸದಿದ್ದರೆ ಸಾಕು. ಅದನ್ನು ಓದಿದ ಮಾವನಿಗೆ ಹಳೆಯದೊಂದು ನೆನಪಾಯಿತು.

ಹಿಂದಿನ ಕೊಯ್ಲಿನಲ್ಲಿ ಅವರು, ಆಳು ಗೌರಮ್ಮ ಮೆಣಸು ಕದ್ದಿದ್ದಾಳೆಂದು ಎಲ್ಲರೆದುರು ಅವಳ ಚೀಲ ಸುರಿಸಿದ್ದರು. ಬುತ್ತಿ, ಎಲೆಅಡಿಕೆ ಬಿಟ್ಟು ಏನೂ ಸಿಗಲಿಲ್ಲ. ಮಾವ ಒಂದು ಮಾತೂ ಹೇಳದೆ ಹೊರಟುಹೋಗಿದ್ದರು.

ಈಗ ತಪ್ಪೊಪ್ಪಿಕೊಳ್ಳುತ್ತೇನೆಂದು ನಿಂತರು. ರೈಟರು ಎಲ್ಲರೆದುರು ತಲೆ ತಗ್ಗಿಸಿದರೆ ನಾಳೆ ಯಾರು ಮಾತು ಕೇಳುತ್ತಾರೆ, ಅವಳನ್ನು ಮನೆಗೇ ಕರೆಸಿ ಎಂದರು ಅತ್ತೆ.

"ಚೀಲ ಸುರಿಸಿದ್ದು ಎಲ್ರ ಮುಂದೆ ಕಣೇ," ಎಂದರು ಮಾವ.

ಮರುದಿನ ಬೆಳಗಿನ ಹಾಜರಿಗೆ ನಾನೂ ಜೊತೆಗೆ ಹೋಗಿದ್ದೆ. ಉರು ಹೊಡೆದಿದ್ದ ದೊಡ್ಡ ಮಾತುಗಳೆಲ್ಲ ಅವರಿಗೆ ಮರೆತುಹೋದವು.

"ಗೌರಮ್ಮ, ಅವತ್ತು ತಪ್ಪು ನಂದು. ನೀನು ಏನೂ ಕದ್ದಿರ್ಲಿಲ್ಲ. ಎಲ್ರೂ ಕೇಳಿಸ್ಕಳಿ."

ಗೌರಮ್ಮ ಮೆಲ್ಲಗೆ ಕೇಳಿದಳು:

"ನನ್ ಮಗಳನ್ನ ಸ್ಕೂಲಲ್ಲಿ ಈಗ್ಲೂ ಕಳ್ಳಿ ಮಗಳು ಅಂತಾರೆ ರೈಟ್ರೇ. ಅವ್ಳ ಮುಂದೂ ಇದ್ನ ಹೇಳ್ತೀರಾ?"

ಮಾವ ಹಾಜರಿ ಪುಸ್ತಕವನ್ನು ನನ್ನ ಕೈಗಿಟ್ಟು, ಗೌರಮ್ಮನ ಹಿಂದೆ ಹಿಂದೆಯೇ ಸ್ಕೂಲಿನ ದಾರಿ ಹಿಡಿದರು.