ಗಂಟು ದಾಟಿದವರು ಯಾರು?

ನಮ್ಮ ಮನೆಯಲ್ಲಿ ಎಲೆ ಹುಟ್ಟಿದೆ! ಇವತ್ತು ಬೆಳಿಗ್ಗೆ, ಕಾಫಿಗೂ ಮೊದಲು. ಉದ್ದ ಒಂದು ಅಕ್ಕಿಕಾಳಿನಷ್ಟು, ಬಣ್ಣ ಎಳೆ ಹಸಿರು, ತಾಯಿಗಡ್ಡೆ ಆರೋಗ್ಯವಾಗಿದೆ. ನಮ್ಮ ಯಜಮಾನರು ಸೂರತ್ತಿನಲ್ಲಿರುವ ಮಗಳಿಗೆ ಫೋನ್ ಹಚ್ಚಿ, "ಬಂತು ಮಾರಾಯ್ತಿ, ಬಂತು! ಚಂದ ಅಂದ್ರೆ ಚಂದ ಉಂಟು!" ಎಂದು ಕೂಗಿದ್ದಕ್ಕೆ ಅವಳು ಗಾಬರಿಯಿಂದ, "ಯಾರಿಗೆ ಅಪ್ಪಾ? ಗಂಡಾ, ಹೆಣ್ಣಾ?" ಎಂದು ಕೇಳಿದಳು.

ಅವಳದೇನು ತಪ್ಪು? ಅಕ್ವೇರಿಯಂ ಗಿಡದ ಒಂದು ಎಲೆಗೆ ಇಷ್ಟು ಸಂಭ್ರಮ ಮಾಡುವ ಮನುಷ್ಯ ಇಡೀ ವಡೋದರದಲ್ಲಿ ಇನ್ನೊಬ್ಬ ಇರಲಾರ. ಇದ್ದರೆ ಅವನ ಹೆಂಡತಿಯನ್ನು ನಾನೊಮ್ಮೆ ಭೇಟಿಯಾಗಬೇಕು, ಇಬ್ಬರೂ ಕೂತು ಕಷ್ಟಸುಖ ಮಾತಾಡಬಹುದು!

ನಮ್ಮವರು ಆಯುಷ್ಯವೆಲ್ಲ ಮಕರಪುರದ ಕಾರ್ಖಾನೆಗಳ ಎದುರು ದೋಸೆ ಹೋಟೆಲು ನಡೆಸಿದವರು. ಈಗ ಹೋಟೆಲನ್ನು ಮಗ ನೋಡಿಕೊಳ್ಳುತ್ತಾನೆ. ಇವರು ಹೋಟೆಲು ಬಿಟ್ಟರು, ಹೋಟೆಲು ಇವರನ್ನು ಬಿಡಲಿಲ್ಲ. ಮೊಮ್ಮಗಳ ಹಟಕ್ಕೆ ಹಾಲಿನಲ್ಲಿ ಗಾಜಿನ ತೊಟ್ಟಿ ಬಂದದ್ದೇ ತಡ, ಅದರೊಳಗಿನ ಮೀನುಗಳೆಲ್ಲ ಇವರಿಗೆ ಗಿರಾಕಿಗಳಾದವು. "ಆ ಕೆಂಪು ಗಿರಾಕಿ ನಿನ್ನೆಯಿಂದ ಏನೂ ತೆಗೊಳ್ಳಲಿಲ್ಲ, ಕಾಳಿನ ರುಚಿ ಕೆಟ್ಟಿರ್ಬೇಕು" ಎನ್ನುತ್ತಾರೆ. ಒಂದು ದಿನ ಮೀನಿನ ಕಾಳನ್ನು ತಾವೇ ಬಾಯಿಗೆ ಹಾಕಿ, "ಉಪ್ಪು ಕಮ್ಮಿ" ಎಂದರು!

ಆದರೂ ಆ ತೊಟ್ಟಿಯನ್ನು ನಾನು ಹರಸುತ್ತೇನೆ. ಮೊಮ್ಮಗಳಿಗೆ ಹನ್ನೊಂದು ವರ್ಷ. ಶಾಲೆಯಲ್ಲಿ ಇಂಗ್ಲಿಷು, ಗೆಳತಿಯರ ಜೊತೆ ಗುಜರಾತಿ, ಮನೆಯಲ್ಲಿ ಅಪ್ಪ ಅಮ್ಮನ ಜೊತೆ ಹಿಂದಿ. ಕನ್ನಡ ಅವಳ ಪಾಲಿಗೆ ಅಜ್ಜ ಅಜ್ಜಿ ಜಗಳ ಆಡುವ ಭಾಷೆ. ಮೀನು ಬಂದ ಮೇಲೆ ಅಜ್ಜನ ಪಕ್ಕ ಕೂತು ಚೂರುಚೂರು ಕನ್ನಡ ಶುರುವಾಯಿತು. ಗುಜರಾತಿ ಹಿಟ್ಟಿಗೆ ಕನ್ನಡದ ಒಗ್ಗರಣೆ. ಇವರಂತೂ ಅವಳ ಒಂದೊಂದು ಮಾತನ್ನೂ ಕೆಳಗಿನ ವಾಚ್‌ಮನ್ನನವರೆಗೆ ಮುಟ್ಟಿಸುತ್ತಿದ್ದರು, ಆ ಬಡಪಾಯಿಗೆ ಕನ್ನಡ ಬರುವುದಿಲ್ಲ ಎಂಬ ಪರಿವೆ ಇಲ್ಲದೆ.

ಬೇಸಿಗೆ ರಜೆಯಲ್ಲಿ ಅವಳು ಅಹಮದಾಬಾದಿನ ಬೋಡಕ್‌ದೇವ್‌ಗೆ, ಸೋದರಮಾವನ ಮನೆಗೆ ಹೋಗಿದ್ದಳು. ಆಗಲೇ ಬಂತು ಅವಳು ಅಂಚೆಯಲ್ಲಿ ತರಿಸಿದ ಗಿಡದ ಪಾರ್ಸೆಲ್ಲು. ಹೊರಗೆ ಕಾದ ಬಾಣಲೆಯಂಥ ಬಿಸಿಲು. ಪೆಟ್ಟಿಗೆ ಬಿಚ್ಚಿದರೆ ಒಳಗೆ ಒದ್ದೆ ಪೇಪರಿನಲ್ಲಿ ಸುತ್ತಿದ ಒಂದು ಗಂಟು. ಅದರೊಳಗೆ ಬಾಡಿದ ಗಿಡ. ಅದರ ಇಂಗ್ಲಿಷ್ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ. ನೋಡಲು ಕೆಸುವಿನ ಮರಿ. ಬುಡದಲ್ಲಿ ಎಳೆ ಶುಂಠಿಯಂಥ ಗಡ್ಡೆ.

ಫೋನಿನಲ್ಲಿ ಮೊಮ್ಮಗಳ ಅಪ್ಪಣೆಯಾಯಿತು. "ಅಜ್ಜಾ, ಅದ್ರ ಗಾಂಠ್ ದಾಟ್‌ಬೇಡಿ ಹಾಂ! ದಾಟಿದ್ರೆ ಸತ್ತ್ ಹೋಗ್ತದೆ. ಪಕ್ಕಾ?"

"ಪಕ್ಕಾ ಮಗಾ! ಒಂದು ನರಪಿಳ್ಳೆ ದಾಟ್ಲಿಕ್ಕಿಲ್ಲ!"

ಫೋನಿಟ್ಟು ನನ್ನ ಕಡೆ ತಿರುಗಿದರು. ಕಣ್ಣಲ್ಲಿ ನೀರು. "ಕೇಳಿದೆಯಾ? ಗಂಟು ದಾಟಬಾರದಂತೆ! ದಾಟಿದ್ರೆ ಬೆಳವಣಿಗೆ ನಿಲ್ತದೆ ಅಂತ ನನ್ನ ಅಮ್ಮ ಹೇಳ್ತಿದ್ದದ್ದು ಇದನ್ನೇ ಅಲ್ಲವಾ? ಊರೇ ನೋಡದ ಮಗು, ರಕ್ತದಲ್ಲಿ ಬಂದಿದೆ ನೋಡು!"

ದೂರದಿಂದ ಬಂದದ್ದು, ಒಂದು ದಿನ ದಣಿವಾರಿಸಿಕೊಳ್ಳಲಿ ಎಂದು ಆ ಗಂಟನ್ನು ನೀರು ಚಿಮುಕಿಸಿ ತಟ್ಟೆಯಲ್ಲಿಟ್ಟರು. ಎಲ್ಲಿ? ಅಡುಗೆಮನೆಗೂ ಹಾಲಿಗೂ ನಡುವಿನ ಬಾಗಿಲಲ್ಲಿ, ಅಲ್ಲೇ ತಂಪಂತೆ! ನಾನು ಬಿಸಿ ಸಾರಿನ ಪಾತ್ರೆ ಹಿಡಿದು ಬಾಲ್ಕನಿ, ಮಲಗುವ ಕೋಣೆ ಎಲ್ಲ ಸುತ್ತಿ ಮೇಜು ತಲುಪಬೇಕಾಯಿತು. ಮಗ ಗೊತ್ತಿಲ್ಲದೆ ಒಂದೇ ಹೆಜ್ಜೆಗೆ ದಾಟಿಬಿಟ್ಟ. ಇವರು ಹೌಹಾರಿ ಎದ್ದರು.

"ಹಿಂದೆ ದಾಟು! ಹೋದ ಹಾಗೇ ಹಿಂದೆ ದಾಟು!"

"ಅಪ್ಪಾ, ಹೋಟೆಲಿಗೆ ಲೇಟಾಗ್ತದೆ."

"ಗಿರಾಕಿ ಕಾಯ್ತಾನೆ. ಗಿಡ ಕಾಯುದಿಲ್ಲ!"

ಹನ್ನೊಂದು ವರ್ಷದ ಮಗಳ ತಂದೆ, ತಲೆಗೆ ಹೆಲ್ಮೆಟ್ಟು ಹಾಕಿಕೊಂಡು, ಹಿಮ್ಮುಖವಾಗಿ ನಡೆದು ಗಂಟನ್ನು ಮರಳಿ ದಾಟಿದ. ಇವರಿಗೆ ಸಮಾಧಾನವಾಯಿತು.

ಮಾರನೆಯ ದಿನ ಗಿಡ ನೆಟ್ಟರು. ಗಡ್ಡೆ ಎಂದ ಮೇಲೆ ಮಣ್ಣಿನಡಿಯೇ ತಾನೇ ಅದರ ಜಾಗ? ಮರಳಿನೊಳಗೆ ಎರಡು ಬೆರಳು ಆಳಕ್ಕೆ ಇಳಿಸಿ, ದೋಸೆ ಸಟ್ಟುಗದಿಂದ ತಟ್ಟಿ ಸಮ ಮಾಡಿದರು. ಕಲ್ಲಿಗೆ ಹೊಯ್ದ ಹಿಟ್ಟು ಕೂಡ ಅಷ್ಟು ನುಣ್ಣಗೆ ಕೂರಲಾರದು.

ಮೊಮ್ಮಗಳು ಬಂದಾಗ ಎಲೆಗಳು ಹಳದಿ. ಆಮೇಲೆ ಒಂದೊಂದೇ ಕರಗಿ ತೇಲತೊಡಗಿದವು. "ಅಜ್ಜಾ, ದಾಟಿದ್ರಾ?" "ಇಲ್ಲ ಮಗಾ!" ಕೊನೆಗೊಂದು ದಿನ ಅವಳೇ ಅಂಗಿಯ ತೋಳು ಮಡಚಿ ನೀರಿಗೆ ಕೈ ಹಾಕಿ ಮರಳು ಕೆದಕಿದಳು.

"ಅಜ್ಜಾ! ನೀವು ದಾಟಿದ್ದೀರಿ!"

"ನಾನು ದಾಟಲೇ ಇಲ್ಲ! ದಾಟಿದ್ದು ನಿನ್ನ ಅಪ್ಪ! ಅವನನ್ನೂ ವಾಪಸ್ಸು ದಾಟಿಸಿದ್ದೇನೆ!"

"ಜೂಠ್! ನಾನು ನೋಡ್ದೆ! ಪೂರಾ ದಾಟಿದ್ದೀರಿ!"

"ದೇವರಾಣೆ ದಾಟಲಿಲ್ಲ!"

ಹುಡುಗಿ ಅಳುತ್ತ ಬಾಗಿಲು ಹಾಕಿಕೊಂಡಳು. ಅವತ್ತಿನಿಂದ ಅಜ್ಜನ ಜೊತೆ ಮಾತಿಲ್ಲ. ಹೋಟೆಲಿನಲ್ಲಿ ನಿನ್ನೆಯ ಚಟ್ನಿಯನ್ನು ಇವತ್ತಿನದು ಎಂದು ಒಮ್ಮೆಯೂ ಹೇಳದ ಮನುಷ್ಯನಿಗೆ ಮೊಮ್ಮಗಳಿಂದ ಸುಳ್ಳುಗಾರ ಎಂಬ ಪಟ್ಟ! ಊಟ ಅರ್ಧಕ್ಕೆ ನಿಂತಿತು. ಗಿರಾಕಿಗಳನ್ನು ವಿಚಾರಿಸುವುದೂ ನಿಂತಿತು.

ದಾರಿ ತೋರಿಸಿದ್ದು ಎದುರು ಮನೆಯ ಗುಜರಾತಿ ಅಕ್ಕ, ಇಲ್ಲಿನವರ ಬಾಯಲ್ಲಿ ಬೆನ್. ಮೊಸರು ಕೇಳಲು ಬಂದವಳು ತೊಟ್ಟಿಯ ವಾಸನೆಗೆ ಮೂಗು ಮುಚ್ಚಿ ಹೇಳಿದಳು: "ಫೇಂಕೀ ದೋ ಬೆನ್. ನಹಿತರ್ ಕೂಂಡಾಮಾ ದಾಟೀ ದೋ, ಖಾತರ್ ಥಶೇ." ಆ ಕೊಳೆತ ಗಿಡ ಬಿಸಾಡು, ಇಲ್ಲವಾದರೆ ಹೂಕುಂಡದಲ್ಲಿ ಹೂತುಬಿಡು, ಗೊಬ್ಬರವಾಗುತ್ತದೆ.

ದಾಟೀ ದೋ? ನನ್ನ ಕೈಯ ಮೊಸರು ಅಲ್ಲೇ ನಿಂತಿತು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟರೇನು, ತರಕಾರಿ ಗಾಡಿಯ ಮುಂದೆ ಕಲಿತ ಗುಜರಾತಿ ನನ್ನದು! ಇವರಿಗೆ ಬರುವುದು ಆರ್ಡರು ತೆಗೆದುಕೊಳ್ಳುವ ಗುಜರಾತಿ ಮಾತ್ರ. ಗುಜರಾತಿಯಲ್ಲಿ ದಾಟುವುದೆಂದರೆ ಹೂಳುವುದು. ಗಾಂಠ್ ಎಂದರೆ ಗಡ್ಡೆ. ಮಗು ಹೇಳಿದ್ದು ಗಡ್ಡೆ ಹೂಳಬೇಡಿ ಎಂದು. ಇವರು ಗಂಟನ್ನು ಕಾವಲು ಕಾದು, ಗಡ್ಡೆಯನ್ನು ಸಮಾಧಿ ಮಾಡಿದ್ದರು!

ಇಬ್ಬರನ್ನೂ ಎದುರಿಗೆ ಕೂರಿಸಿ ಬಿಡಿಸಿ ಹೇಳಿದೆ. ಇವರು ಹೊಟ್ಟೆ ಹಿಡಿದು ನಕ್ಕರು. ಮೊಮ್ಮಗಳು ನಗಲಿಲ್ಲ. "ಮೇರೀ ಕನ್ನಡ ಹೀ ಗಲತ್ ಹೈ. ಪೌಧಾ ಮೈನೇ ಮಾರಾ" ಎಂದಳು. ತನ್ನ ತಪ್ಪು ಕನ್ನಡವೇ ಗಿಡವನ್ನು ಕೊಂದಿತಂತೆ. ಇನ್ನು ಕನ್ನಡ ಆಡುವುದೇ ಇಲ್ಲವಂತೆ.

ಇವರ ನಗು ಇಳಿದುಹೋಯಿತು. ತೊಟ್ಟಿಯ ಕಡೆ ತಿರುಗಿ ಕೇಳಿದರು: "ಗಿಡ ಬದುಕಿದ್ರೆ?"

ಅವಳು ತುಂಬ ಯೋಚಿಸಿ ಹಿಂದಿಯಲ್ಲೇ ಹೇಳಿದಳು, "ಪತ್ತಾ ಆಯಾ ತೋ." ಎಲೆ ಬಂದರೆ ನೋಡೋಣ!

ಗಡ್ಡೆಯನ್ನು ಹೊರಗೆ ತೆಗೆದೆವು. ಅರ್ಧ ಶುಂಠಿ ಕೊಳೆತರೆ ಪೂರ್ತಿ ಶುಂಠಿ ಬಿಸಾಡುತ್ತೇವೆಯೇ? ಒತ್ತಿ ನೋಡಿ ಮೆತ್ತಗಾದದ್ದನ್ನು ಕತ್ತರಿಸಿದೆ. ಕಿರುಬೆರಳಿನ ತುದಿಯಷ್ಟು ಗಟ್ಟಿ ಚೂರು ಉಳಿಯಿತು. ಅದನ್ನು ಒಂದು ಕಲ್ಲಿನ ಮೇಲಿಟ್ಟು, ಮಲ್ಲಿಗೆ ಕಟ್ಟುವ ದಾರದಿಂದ ಬಿಗಿದು ನೀರಿಗಿಳಿಸಿದೆವು. ಮೇಲೆ ಒಂದು ಕಾಳು ಮರಳೂ ಇಲ್ಲ. ಒಂದೂವರೆ ತಿಂಗಳು ಇವರು ದಿನಾ ಬೆಳಿಗ್ಗೆ ಹಲ್ಲುಜ್ಜುವ ಮೊದಲು ಭೂತಗನ್ನಡಿ ಹಿಡಿದು ಆ ಕಲ್ಲಿನ ಮುಂದೆ ಕೂತರು. ದೇವರ ಕೋಣೆಯಲ್ಲಿ ಅಷ್ಟು ಹೊತ್ತು ಕೂತಿದ್ದರೆ ದೇವರೇ ಎದ್ದು ಬಂದು ಏನು ಬೇಕು ಎಂದು ಕೇಳುತ್ತಿದ್ದ.

ಇವತ್ತು ಎಲೆ ಬಂತು. ಮೊಮ್ಮಗಳು ಭೂತಗನ್ನಡಿಯಲ್ಲಿ ನೋಡಿದಳು, ಅಜ್ಜನನ್ನು ನೋಡಿದಳು, ಅಮ್ಮನಿಗೆ ಹಿಂದಿಯಲ್ಲೇ ಹೇಳಿ ಶಾಲೆಗೆ ಹೋದಳು. ಇವರು ದಿನವಿಡೀ ಫೋನಿನಲ್ಲಿ ಊರಿಗೆಲ್ಲ ಸುದ್ದಿ ಹಂಚಿದರು. ನಡುನಡುವೆ ಗಡಿಯಾರ ನೋಡುತ್ತಿದ್ದರು.

ಸಂಜೆ ಮಗ ಹೋಟೆಲಿನಿಂದ ಬೇಗ ಬಂದ. ಸೊಸೆ ಪಾಯಸ ಮಾಡಿದಳು. ಎಲ್ಲರೂ ಹಾಲಿನಲ್ಲೇ ನೆಲಕ್ಕೆ ಕೂತೆವು. ಬಡಿಸಿದ್ದು ಇವರೇ. ಅನ್ನದ ನಡುವೆ ಗುಂಡಿ ಮಾಡಿಕೊಂಡು ಕೂತಿದ್ದ ಮೊಮ್ಮಗಳು ತಲೆಯೆತ್ತದೆ, ಮೆಲ್ಲಗೆ ಹೇಳಿದಳು:

"ಅಜ್ಜಾ, ನಂಗೆ ಇನ್ನೂ ಸ್ವಲ್ಪ ಸಾರು ಬೀಳಿಸಿ."

ಯಾರೂ ನಗಲಿಲ್ಲ. ಯಾರೂ ತಿದ್ದಲಿಲ್ಲ. ಅಡುಗೆಮನೆಯಲ್ಲಿ ದೋಸೆಯ ಅಂಚು ಏಳುವ ಸದ್ದು ಹಾಲಿನಲ್ಲಿ ಕೂತು ಕೇಳಿಸಿಕೊಳ್ಳುವ ಮನುಷ್ಯ ಸೌಟು ಹಿಡಿದು ಬಗ್ಗಿ, ಕಿವಿಗೆ ಕೈ ಅಡ್ಡ ಇಟ್ಟು, "ಎಂತ ಮಗಾ? ಸರಿ ಕೇಳಲಿಲ್ಲ, ಇನ್ನೊಮ್ಮೆ ಹೇಳು" ಎಂದರು.

ಅವಳು ಇನ್ನೊಮ್ಮೆ ಹೇಳಿದಳು, ಈ ಸಲ ಸ್ವಲ್ಪ ಗಟ್ಟಿಯಾಗಿ.